ನಲವತ್ತೊಂದು ಖಾಲಿ ಹಗೇವು

“ಖಾಲಿ ಅಂದ್ರ ನಾಲಿಗಿ ಕಿತ್ತು ಕೈಯಾಗ ಕೊಡ್ತೇನಿ ನೋಡು,” ಎಂದಳು ಕಲ್ಲವ್ವ. “ನಾನಾ ಅಳದೀನಿ, ನಾನಾ ಸುರವೀನಿ. ಈಗ ನೀ ಗಾಜಿನ ಕ್ವಾಣ್ಯಾಗ ಕುಂತು ಖಾಲಿ ಅಂತಿ?”

“ನಾ ಅನ್ನೂದಿಲ್ಲ ಅಕ್ಕಾ, ಹಾಳಿ ಅಂತದ.”

“ಹಾಳಿಗೇನು ಕಣ್ಣ ಅದಾವು?”

“ನಿಮಗಂತೂ ಅದಾವಲ್ಲ? ತಗೋರಿ, ಓದ್ರಿ.” ಹಾಳಿಯ ಲೆಕ್ಕ ನೋಡಿಕೊಳ್ಳುವ ವಿನೋದ ಬಾಳಿಕಾಯಿ ಪರದೆಯನ್ನು ಅವಳ ಕಡೆ ತಿರುಗಿಸಿದ. “ನೂರಾ ಇಪ್ಪತ್ತಾರನೇ ಹಗೇವು, ಮೊತ್ತ ಸೊನ್ನಿ. ನೂರಾ ಇಪ್ಪತ್ತೇಳು, ಸೊನ್ನಿ. ಹಿಂಗ ನಲವತ್ತೊಂದು. ಅಳತಿ ಮಾಡಿದವರು ನೀವು. ಹೇಳೂದು ಮರತು ಈಗ ನನ್ನ ಮ್ಯಾಲ ಹಾರಾಡಿದ್ರ ನಾ ಏನ್ ಮಾಡ್ಲಿ?”

ಮರೆತಿದ್ದಾಳೆ ಎಂಬ ಮಾತು ಕಲ್ಲವ್ವನ ನೆತ್ತಿಗೇರಿತು. ಹತ್ತೊಂಬತ್ತು ವರ್ಷ ಸೇರು ಹಿಡಿದ ಕೈ ಅದು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಾದರೂ ಅಳತೆಯಲ್ಲಿ ಒಂದು ಕಾಳು ಆಚೀಚೆ ಆಗಲು ಬಿಟ್ಟವಳಲ್ಲ. ಮೇಜಿನ ಮೇಲಿದ್ದ ವಿನೋದನ ಚಹಾದ ಲೋಟವನ್ನು ಎತ್ತಿ ಕಿಟಕಿಯ ಮೇಲೆ ಕುಕ್ಕಿದಳು. ಒಡೆಯಲಿಲ್ಲ. ಒಡೆದಿದ್ದರೆ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಜಗಳದ ಬೇರು ಹೊರಗೆ ಕಾಣುತ್ತಿತ್ತು. ಕಿಟಕಿಯಾಚೆ ಅಡವಿಹಾಳದ ಗಟ್ಟಿ ಗರಸು ನೆಲದಲ್ಲಿ ಮುನ್ನೂರ ನಲವತ್ತು ಹಗೇವುಗಳು ಸಾಲಾಗಿ ಬಾಯಿ ಮುಚ್ಚಿಕೊಂಡು ಮಲಗಿದ್ದವು. ಒಂದೊಂದರ ಬಾಯಿಗೂ ಒಂದೊಂದು ದೀಪ. ಹಸಿರು ಉರಿದರೆ ಒಳಗೆ ಬೀಜವಿದೆ, ಕೆಂಪು ಉರಿದರೆ ಇಲ್ಲ. ಆ ವರ್ಷದ ಅಳತೆ ಮುಗಿದು ದೀಪಗಳು ಹೊತ್ತಿದ್ದು ಅಂದೇ; ಮಧ್ಯಾಹ್ನ ಊಟ ಮುಗಿಸಿ ಬಂದ ಕಲ್ಲವ್ವನಿಗೆ ನಲವತ್ತೊಂದು ಕೆಂಪು ದೀಪ ಕಂಡಿದ್ದವು. ಕೆಂಪು ಬಿದ್ದ ಹಗೇವಿಗೆ ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಬಿಸಿಗಾಳಿ ನುಗ್ಗುತ್ತದೆ. ಖಾಲಿ ಹಗೇವಿನಲ್ಲಿ ಹುಳ, ಬೂಷ್ಟು ಉಳಿಯಬಾರದೆಂದು ಮೂರು ತಾಸು ಕಾಯಿಸುತ್ತಾರೆ. ಒಳಗೆ ಬೀಜವಿದ್ದರೆ ಅದರ ಬಣ್ಣ ಕೆಡುವುದಿಲ್ಲ, ತೂಕ ಇಳಿಯುವುದಿಲ್ಲ. ಬಿತ್ತಿದರೆ ಹುಟ್ಟುವುದಿಲ್ಲ, ಅಷ್ಟೇ.

ಹಗೇವು ಹೊಸದೇನಲ್ಲ. ಅಜ್ಜಂದಿರು ನೆಲದಲ್ಲಿ ಗುಂಡಿ ತೋಡಿ, ಗೋಡೆಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಉಸಿರಾಡಿ ಇದ್ದ ಒಳ್ಳೆಯ ಗಾಳಿಯನ್ನೆಲ್ಲ ತಾನೇ ಮುಗಿಸಿಬಿಡುತ್ತದೆ. ಆಮೇಲೆ ಹುಳ ಬದುಕುವುದಿಲ್ಲ, ಕಾಳು ನಿದ್ದೆ ಹೋಗುತ್ತದೆ. ಮುಂದೆ ದೊಡ್ಡ ದೊಡ್ಡ ದೇಶಗಳು ಕಟ್ಟಿದ್ದ ಶೀತಲ ಬೀಜಾಗಾರಗಳು ವಿದ್ಯುತ್ತಿಲ್ಲದೆ ಒಂದೊಂದಾಗಿ ಕೆಟ್ಟುಹೋದಾಗ ವಿಜ್ಞಾನಿಗಳಿಗೆ ಈ ಗುಂಡಿಗಳ ನೆನಪಾಯಿತು. ಗುಂಡಿಗೆ ಒಂದು ಬಿಸಿಗಾಳಿಯ ಕೊಳವೆ, ಒಂದು ಉಸಿರು ಅಳೆಯುವ ಕಡ್ಡಿ ಸೇರಿಸಿದರು. ಈಗ ಭೂಮಿಯ ಮೇಲೆ ಇಂಥ ಒಂಬೈನೂರು ಹಗೇವಿನ ಮನೆಗಳಿದ್ದವು. ಒಂಬೈನೂರಕ್ಕೂ ಸೇರಿ ಒಂದೇ ವಿಕಿ. ಅಡವಿಹಾಳದವರು ಅದನ್ನು ಹಾಳಿ ಎನ್ನುತ್ತಿದ್ದರು.

ಆ ವಿಕಿಯಲ್ಲಿ ಯಾರು ಬೇಕಾದರೂ ಬರೆಯಬಹುದು, ಆದರೆ ಬರೆದದ್ದನ್ನು ಯಾರೂ ಮುಚ್ಚಿಡಲಾಗದು. ಒಂದೊಂದು ತಿದ್ದುಪಡಿಯೂ ಇತಿಹಾಸದ ಪುಟದಲ್ಲಿ ಉಳಿಯುತ್ತದೆ. ಯಾವ ತಳಿ ಎಷ್ಟಿದೆ ಎಂದು ಹಾಳಿಯೇ ಕೂಡಿಸಿ, ಯಾವ ಹಗೇವು ತೆರೆಯಬೇಕು, ಯಾವುದನ್ನು ಕಾಯಿಸಬೇಕು ಎಂದು ಹಾಳಿಯೇ ಹೇಳುತ್ತದೆ. ಮನುಷ್ಯರ ಕೈಗೆ ಬೀಗ ಕೊಟ್ಟು ನೋಡಿಯಾಗಿತ್ತು. ಮನುಷ್ಯರು ತಮ್ಮ ಬೀಗರಿಗೆ ಬೀಜ ಕೊಟ್ಟು, ಬೇಡದವರಿಗೆ ಜೊಳ್ಳು ಕೊಟ್ಟರು. ಅದಕ್ಕೇ ಹಾಳಿಗೆ ಅಧಿಕಾರ.

ಅಳತೆ ಮಾತ್ರ ಮನುಷ್ಯರದೇ ಉಳಿದಿತ್ತು. ಯಂತ್ರ ಎಣಿಸಿದರೆ ಕೊಟ್ಟವರ ಕಿವಿಗೆ ಬೀಳುವುದಿಲ್ಲ, ಕಿವಿಗೆ ಬೀಳದ ಲೆಕ್ಕವನ್ನು ಜನ ನಂಬುವುದಿಲ್ಲ. ಆದ್ದರಿಂದ ಒಂದೊಂದು ಊರಿನಲ್ಲೂ ಒಬ್ಬರು ಗಟ್ಟಿಯಾಗಿ ಎಣಿಸುತ್ತ ಅಳೆಯುತ್ತಾರೆ. ಅಳೆಯುವ ಪಾತ್ರೆ ಯಾವುದು ಎಂಬುದು ಅದರ ತಳದಲ್ಲಿರುವ ಗುರುತಿನಿಂದ ಹಾಳಿಗೆ ತಿಳಿಯುತ್ತದೆ. ಎಷ್ಟು ಎಂಬುದು, ಅಳೆಯುವವರು ಕಡೆಗೆ ಕೂಗಿದ ಮಾತಿನಿಂದ ತಿಳಿಯುತ್ತದೆ.

“ನಾ ಕೂಗಿದ್ದು ಹಾಳಿ ಕೇಳೈತೋ ಇಲ್ಲೋ, ಅದನ್ನ ತಗಿ,” ಎಂದಳು ಕಲ್ಲವ್ವ.

“ಕೇಳದ ಏನ್ ಮಾಡ್ತದ? ನಿಮ್ಮ ದನಿ ಹುಬ್ಬಳ್ಳಿಗೂ ಕೇಳಸ್ತದ.” ವಿನೋದ ಗೊಣಗುತ್ತ ನೂರಾ ಇಪ್ಪತ್ತಾರನೇ ಹಗೇವಿನ ಇತಿಹಾಸ ತೆರೆದ. ತೆರೆದವನು ಹುಬ್ಬು ಗಂಟಿಕ್ಕಿದ. ಇನ್ನೊಂದು ತೆರೆದ. ಮತ್ತೊಂದು. ನಲವತ್ತೊಂದರಲ್ಲೂ ಎಷ್ಟು ಎಂಬ ಕಡೆ ಅಂಕಿ ಇರಲಿಲ್ಲ, ಒಂದೇ ಒಂದು ಮಾತು ಇತ್ತು.

“ಲಾಭ ಅಂತ ಅದ ಇಲ್ಲೆ. ಏನಿದು?”

“ಮತ್ತ? ಅಳದೀನಿ ಅಂತ ಹೇಳಲಿಲ್ಲೇನು?”

“ಲಾಭ ಅಂದ್ರ ಎಷ್ಟ್ರಿ?”

“ಲಾಭ ಅಂದ್ರ ಲಾಭ.”

“ಅಕ್ಕಾ, ಎಷ್ಟು ಸೇರು?”

“ಎರಡಕ್ಕಿಂತ ಮೊದಲನೇದು.”

ವಿನೋದ ಅವಳ ಮುಖ ನೋಡಿದ. ಹುಬ್ಬಳ್ಳಿಯ ಮೂರನೇ ಮಹಡಿಯಲ್ಲಿ ಹುಟ್ಟಿ ಬೆಳೆದವನು ಅವನು. ಕಾಳು ಅಳೆಯುವುದನ್ನು ಪರದೆಯ ಮೇಲಲ್ಲದೆ ಕಂಡವನಲ್ಲ. ರಾಶಿಯ ಮುಂದೆ ಕುಳಿತವರು ಮೊದಲನೇ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ, ಲಾಭ, ಎರಡು, ಮೂರು ಎಂದು ಮುಂದೆ ಹೋಗುತ್ತಾರೆ ಎಂಬುದು ಅವನಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಹಾಳಿಗೂ ಈವರೆಗೆ ತೊಂದರೆ ಬಂದಿರಲಿಲ್ಲ. ಜನ ಹತ್ತು ಸೇರು, ಇಪ್ಪತ್ತು ಸೇರು ತರುತ್ತಿದ್ದರು, ಕಡೆಯ ಮಾತು ಹತ್ತೋ ಇಪ್ಪತ್ತೋ ಆಗಿರುತ್ತಿತ್ತು. ಈ ವರ್ಷ ಮಾತ್ರ, ಅಳಿದುಹೋಗುತ್ತಿರುವ ತಳಿಯಾದರೆ ಒಂದೇ ಸೇರು ಕೊಟ್ಟರೂ ತೆಗೆದುಕೊಳ್ಳುತ್ತೇವೆ ಎಂದು ಡಂಗುರ ಹೊಡೆಸಿದ್ದರು. ನಲವತ್ತೊಂದು ಮನೆಯವರು ಒಂದೊಂದೇ ಸೇರು ತಂದರು, ಅದನ್ನು ಗಡಿಗೆಯಲ್ಲಿ ತುಂಬಿ ಒಂದೊಂದು ಹಗೇವಿಗೆ ಇಳಿಸಿದ್ದಾಯಿತು. ನಲವತ್ತೊಂದು ಸಲವೂ ಕಲ್ಲವ್ವ ಮೊದಲ ಮಾತಿಗೇ ನಿಂತಳು.

“ಒಂದು ಅನ್ರೆಲಾ ಅದಕ್ಕ,” ಎಂದ ವಿನೋದ.

“ಕಾಳಿನ ಮುಂದ ಆ ಮಾತು ಆಡಬಾರದು. ಒಂದು ಅಂದ್ರ ಒಂಟಿ. ಒಂಟಿ ಅಂದ ಕಾಳು ಹುಲುಸಾಗೂದಿಲ್ಲ. ನಮ್ಮವ್ವ ಆಡಲಿಲ್ಲ, ನಮ್ಮಜ್ಜಿ ಆಡಲಿಲ್ಲ. ನಾ ಯಾಕ ಆಡ್ಲಿ?”

ವಿನೋದ ಹಣೆ ಒತ್ತಿಕೊಂಡ. ಅವನಿಗೆ ಹಾಳಿಯ ಅಂಕಿಯ ಭಾಗವೆಂದರೆ ಹೆತ್ತ ಮಗುವಿದ್ದ ಹಾಗೆ. ಒಂಬೈನೂರು ಊರುಗಳಿಗೆ ಒಂಬೈನೂರು ರೂಢಿ. ನಾವು ಲಕ್ಷಕ್ಕೆ ಅಲ್ಪವಿರಾಮ ಹಾಕುವ ಜಾಗವೇ ಬೇರೆ, ಮಿಲಿಯನ್ ಎನ್ನುವವರು ಹಾಕುವ ಜಾಗವೇ ಬೇರೆ. ನಾವು ದಶಾಂಶಕ್ಕೆ ಚುಕ್ಕೆ ಇಟ್ಟರೆ, ಕೆಲವರು ಅದೇ ಚುಕ್ಕೆಯನ್ನು ಸಾವಿರಕ್ಕಿಟ್ಟು ದಶಾಂಶಕ್ಕೆ ಅಲ್ಪವಿರಾಮ ಇಡುತ್ತಾರೆ. ಕನ್ನಡದ ಅಂಕಿ, ಅರಬ್ಬರ ಅಂಕಿ, ಬಂಗಾಳಿಯವರ ಅಂಕಿ ಎಲ್ಲ ಬೇರೆ. ವಿನೋದ ಬರೆದಿದ್ದ ಸೂತ್ರ ಬಂದ ಬಂದ ಸಂಖ್ಯೆಯ ಅಂಗಿ ಕಳಚಿ, ಎಲ್ಲಕ್ಕೂ ಒಂದೇ ಪಂಚೆ ಉಡಿಸಿ, ಕೂಡಿಸಿ ಕಳೆದು, ಆಮೇಲೆ ಓದುವವರ ಊರಿಗೆ ತಕ್ಕ ಅಂಗಿ ತೊಡಿಸಿ ಕಳಿಸುತ್ತಿತ್ತು. ಮೂರು ವರ್ಷದಲ್ಲಿ ಒಂದು ಲೆಕ್ಕವೂ ತಪ್ಪಿರಲಿಲ್ಲ. ಈಗ ಸೇರು ಹಿಡಿದವಳೊಬ್ಬಳು ಅದರ ಮೂಗು ಹಿಡಿದು ಅಲ್ಲಾಡಿಸುತ್ತಿದ್ದಳು.

“ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅನ್ನಬೇಕಿತ್ತು ನಿನ್ನ ಹಾಳಿ,” ಎಂದಳು ಕಲ್ಲವ್ವ. “ಇಲ್ಲ ಅಂತ ಯಾಕ ಬರಕೊಂತು?”

ವಿನೋದ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. “ಅದು ನನ್ನ ತಪ್ಪು,” ಎಂದ. “ಮೊದಲ ಹಂಗ ಇತ್ತು. ಯಾರರ ಖಾಲಿ ಜಾಗ ಬಿಟ್ರ ಪುಟದ ತುಂಬ ಕೆಂಪು ಅಕ್ಷರ ಬರ್ತಿತ್ತು. ಮಂದಿ ಬೈದ್ರು. ಅಂಕಿ ಅಲ್ಲದ್ದೆಲ್ಲಾ ಸೊನ್ನಿ ಅಂತ ತಿಳ್ಕೋ ಅಂತ ನಾನ ಬರದೆ.”

ತಪ್ಪು ಒಪ್ಪಿಕೊಂಡವನ ಮೇಲೆ ಕೂಗಾಡುವುದು ಕಷ್ಟ. ಕಲ್ಲವ್ವ ಸ್ಟೂಲಿನ ಮೇಲೆ ಕುಳಿತಳು. “ಹಂಗಾರ ತಿದ್ದು.”

“ತಿದ್ದಬಹುದು. ಆದ್ರ ಅಂಕಿ ಓದೂ ಪುಟ ಎಲ್ಲಾರ್ದೂ. ಅದನ್ನ ಮುಟ್ಟಬೇಕಂದ್ರ ಚರ್ಚಾ ಪುಟದಾಗ ಏಳು ದಿವಸ ಇಡಬೇಕು. ಬ್ಯಾರೆ ಮೂರು ಊರಿನವರು ಹೂಂ ಅನ್ನಬೇಕು.”

“ಗಾಳಿ ನಾಳೆ ಹತ್ತಕ್ಕ ಬರ್ತೈತಿ.”

“ಗಾಳಿ ನಿಂದರ್ಸೂ ಕೀಲಿ ಯಾರ ಕೈಯಾಗೂ ಇಲ್ಲ. ಮೊತ್ತ ಬದಲಾದ್ರ ತಾನ ನಿಂದರ್ತದ. ಮೊತ್ತ ಬದಲಾಗಬೇಕಂದ್ರ ಅಳಿಯಾವ್ರು ಪಾತ್ರೆ ಹಿಡದು ಮತ್ತೊಮ್ಮೆ ಅಳೀಬೇಕು. ನಾಳೆ ಬೆಳಗಾಗೂದ್ರಾಗ ಗಡಿಗಿ ಮ್ಯಾಲೆತ್ತೋಣು. ಸುಮ್ನ ಹೊರಗಿಟ್ರ ಹಾಳ್ಯಾಗ ಆ ತಳಿ ಇಲ್ಲಂತನ ಉಳೀತದ. ನಲವತ್ತೊಂದು ಸಲ ನೀವು ಒಂದು ಅಂದ್ರ ಮುಗೀತು.”

“ಅನ್ನೂದಿಲ್ಲ,” ಎಂದು ಕಲ್ಲವ್ವ ಎದ್ದು ಮನೆಗೆ ಹೋದಳು.

ದಾರಿಯುದ್ದಕ್ಕೂ ಅವಳು ಬೈದದ್ದು ವಿನೋದನನ್ನಲ್ಲ, ತನ್ನನ್ನೇ. ಉಳಿದ ನಲವತ್ತರ ಮಾತು ಬೇರೆ. ನೂರಾ ಇಪ್ಪತ್ತಾರನೇ ಹಗೇವಿನಲ್ಲಿದ್ದದ್ದು ಪಕ್ಕದ ಮನೆಯ ಹುಸೇನಬಿಯ ಇಲಿಬಾಲದ ನವಣೆ. ಇಲಿಯ ಬಾಲದಷ್ಟು ಸಣ್ಣ, ಉದ್ದ ತೆನೆ. ಎಂಥ ಗಾಳಿ ಬೀಸಿದರೂ ಬಾಗಿ ಏಳುತ್ತದೆ, ನೆಲಕ್ಕೆ ಬೀಳುವುದಿಲ್ಲ. ಹುಸೇನಬಿಯ ಅತ್ತೆ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ಹತ್ತಿಯ ಹೊಲದ ಅಂಚಿನಲ್ಲಿ ಎರಡು ಸಾಲು ಹಾಕಿ ನಲವತ್ತು ವರ್ಷ ಉಳಿಸಿಕೊಂಡು ಬಂದಿದ್ದರು. ಬೇರೆ ಎಲ್ಲೂ ಇಲ್ಲ. ಹಾಳಿಯಲ್ಲಿ ಹುಡುಕಿದರೆ ಒಂಬೈನೂರು ಊರಿನಲ್ಲೂ ಇರಲಿಲ್ಲ. ಹುಸೇನಬಿ ಅರ್ಧ ಕೊಡುತ್ತೇನೆ ಎಂದಿದ್ದಳು. ಅರ್ಧ ಯಾಕೆ, ಮನೆಯಲ್ಲಿಟ್ಟರೆ ಇಲಿ ತಿಂದಾವು, ಪೂರಾ ತಾ, ಹಗೇವಿನಷ್ಟು ಭದ್ರ ನಿನ್ನ ಗಡಿಗೆ ಇದೆಯೇನು ಎಂದು ಗದರಿಸಿ ಸೇರು ತುಂಬಿಸಿಕೊಂಡವಳು ಕಲ್ಲವ್ವ. ಹುಸೇನಬಿಯ ಮನೆಯಲ್ಲಿ ಈಗ ಒಂದು ಕಾಳೂ ಇರಲಿಲ್ಲ.

ಮನೆಯಲ್ಲಿ ಒಲೆ ಹೊತ್ತಿಸಿ ಜೋಳದ ಹಿಟ್ಟಿನ ಡಬ್ಬಿ ತೆಗೆದರೆ ತಳ ಕಾಣುತ್ತಿತ್ತು. ಅಷ್ಟರಲ್ಲಿ ಗೋಡೆಯಾಚೆಯಿಂದ ಹುಸೇನಬಿಯೇ ಬಂದಳು, ಸೊಂಟದ ಮೇಲೆ ಬುಟ್ಟಿ.

“ಕಲ್ಲಕ್ಕಾ, ಹ್ವಾದ ಸಂತಿ ದಿವಸ ಹಿಟ್ಟ ಇಸಗೊಂಡಿದ್ನೆಲ್ಲಾ, ತಗೋ. ಗಿರಣ್ಯಾಗ ಈಗ ಬೀಸಕೊಂಡ ಬಂದೆ, ಬೆಚ್ಚಗ ಐತಿ.”

“ಇರಲಿ ಬಿಡು, ಅವಸರೇನಿತ್ತು.”

“ನಿನ್ನ ಮಾರಿ ಯಾಕ ಹಿಂಗಾಗೇತಿ? ಯಾರ ಜೋಡಿ ಜಗಳಾಡಿ ಬಂದಿ?”

“ಆ ಹುಬ್ಬಳ್ಳಿಯವನ ಜೋಡಿ.”

“ಯಾರು ಗೆದ್ರು?”

“ಇನ್ನಾ ಮುಗದಿಲ್ಲ.”

ಹುಸೇನಬಿ ನಕ್ಕಳು. ಮಳೆ ಎರಡು ದಿನದಲ್ಲಿ ಬರುತ್ತದಂತೆ, ಹತ್ತಿ ಊರುವವರು ಸಿಗುತ್ತಿಲ್ಲ, ಈ ಸಲ ಅಂಚಿನ ಸಾಲಿಗೆ ನವಣೆ ಬೀಜ ಹಗೇವಿನಿಂದ ಯಾವಾಗ ಕೊಡುತ್ತಾರೆ ಎಂದು ಕೇಳಿದಳು. ಕಲ್ಲವ್ವ ಒಲೆಯ ಕಡೆ ಮುಖ ತಿರುಗಿಸಿ, ಊದುಗೊಳವೆ ಹಿಡಿದು, ಹೊಗೆ ಎದ್ದಿತೆಂದು ಕಣ್ಣೊರೆಸಿಕೊಂಡಳು.

“ಡಬ್ಬಿ ಹಿಡಿ,” ಎಂದಳು ಹುಸೇನಬಿ. “ನಿನ್ನ ಸೇರು ನಮ್ಮನ್ಯಾಗಿಲ್ಲ. ಅಚ್ಚೇರಿನಿಂದ ಅಳೀತೇನಿ.” ಬುಟ್ಟಿಯಿಂದ ಅರ್ಧ ಸೇರಿನ ಸಣ್ಣ ಪಾತ್ರೆ ತೆಗೆದು ಹಿಟ್ಟು ತುಂಬಿ, ಮೇಲಿನ ಗೋಪುರವನ್ನು ಬೆರಳಿಂದ ಎಳೆದು ಸಮ ಮಾಡಿ, ಡಬ್ಬಿಗೆ ಸುರಿದಳು. “ಬರ್ಕತ್,” ಎಂದಳು. ಮತ್ತೊಮ್ಮೆ ತುಂಬಿ ಸುರಿದಳು. “ಎರಡ. ನಿನ್ನ ಸೇರು ನಿನಗ ಮುಟ್ತು.”

ಕಲ್ಲವ್ವನ ಕೈಯಲ್ಲಿದ್ದ ಊದುಗೊಳವೆ ಹಾಗೇ ನಿಂತಿತು.

“ಏನಂದಿ?”

“ಮುಟ್ತು ಅಂದೆ.”

“ಅದಕ್ಕ ಮೊದಲ.”

“ಬರ್ಕತ್. ನಮ್ಮಲ್ಲೆ ಮೊದಲನೇದಕ್ಕ ಹಂಗ ಅಂತಾರಲ್ಲ. ಮೂವತ್ತು ವರ್ಷ ಗ್ವಾಡಿಗೆ ಗ್ವಾಡಿ ಹಚ್ಚಿ ಅದೀವಿ, ಈಗ ಕೇಳಾಕತ್ತಿ?”

ಕಲ್ಲವ್ವನ ಕಣ್ಣು ಅಚ್ಚೇರಿನ ಮೇಲಿತ್ತು. ಅವಳು ಅಂದು ಮಾಡಿದ ರೊಟ್ಟಿಗಳಲ್ಲಿ ಎರಡು ಸೀದುಹೋದವು. ಗಂಡ ಕೇಳಿದ್ದಕ್ಕೆ, ಸೀದದ್ದು ಹೊಟ್ಟೆಗೆ ಒಳ್ಳೆಯದು ಎಂದಳು.

ಮರುದಿನ ಹೊತ್ತು ಹುಟ್ಟುವ ಮೊದಲೇ ಅವಳು ಹಗೇವಿನ ಮನೆಯ ಕಪಾಟಿನ ಮುಂದೆ ಕುಳಿತಿದ್ದಳು. ಎಳ್ಳು, ಸಾಸಿವೆಯಂಥ ಸಣ್ಣ ಕಾಳಿಗೆಂದು ಮೊದಲ ವರ್ಷ ಕೊಟ್ಟಿದ್ದ ಹಿತ್ತಾಳೆಯ ಅಚ್ಚೇರು ಅಲ್ಲೇ ಧೂಳು ತಿನ್ನುತ್ತಿತ್ತು. ತಳದ ಗುರುತು ಅಳಿಸಿರಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದಳು. ವಿನೋದ ಆರೂವರೆಗೆ ಕಣ್ಣುಜ್ಜುತ್ತ ಬಂದ.

“ತಮ್ಮಾ, ನಿನ್ನ ಹಾಳಿಗೆ ಎರಡು ಅಂದ್ರ ತಿಳೀತೈತೆಲಾ?”

“ತಿಳೀತದ.”

“ಅಚ್ಚೇರು ತಿಳೀತೈತೇನು?”

ಅವನಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಓಡಿಹೋಗಿ ಅಳತೆಗಳ ಪುಟ ತೆರೆದ. ಅಚ್ಚೇರಿನ ಮುಂದೆ ಯಾರೋ ಪುಣ್ಯಾತ್ಮರು ಎಂದೋ ½ ಎಂದು ಬರೆದಿಟ್ಟಿದ್ದರು. ಚುಕ್ಕೆಯೂ ಅಲ್ಲ, ಅಲ್ಪವಿರಾಮವೂ ಅಲ್ಲ, ಮೇಲೊಂದು ಕೆಳಗೆರಡು. ಇನ್ಯಾರ ಸೂತ್ರವಾದರೂ ಅದನ್ನು ನೋಡಿ ಬಾಯಿ ಬಿಡುತ್ತಿತ್ತು. ವಿನೋದ ಮೂರು ವರ್ಷದ ಹಿಂದೆ, ಇಂಥದ್ದನ್ನೂ ಯಾರಾದರೂ ಬರೆದಾರು ಎಂದು, ಒಂದು ಭಾನುವಾರ ಕಳೆದು ಅದನ್ನು ಓದುವುದನ್ನು ಕಲಿಸಿದ್ದ.

“ತಿಳೀತದ ಅಕ್ಕಾ,” ಎಂದ. ದನಿಯಲ್ಲಿ ಸ್ವಲ್ಪ ಜಂಬವಿತ್ತು. ಇರಲಿ, ಅವನಿಗೆ ಅದು ಸಲ್ಲಬೇಕಾದ್ದೇ.

ನ್ಯಾಯವಾಗಿ ಬಾಗಿಲಿಗೆ ಹತ್ತಿರದ ಕೆಂಪು ದೀಪದಿಂದ ಶುರು ಮಾಡಬೇಕಿತ್ತು. ಕಲ್ಲವ್ವ ನೆಟ್ಟಗೆ ನೂರಾ ಇಪ್ಪತ್ತಾರಕ್ಕೆ ಹೋದಳು. ಹಗ್ಗ ಜಗ್ಗಿ ಗಡಿಗೆ ಮೇಲೆತ್ತುವ ಕೆಲಸ ವಿನೋದನದು. ಒಂದೊಂದು ಗಡಿಗೆಯೂ ಎರಡಾಳುದ್ದ ಕೆಳಗಿತ್ತು. ಇಷ್ಟು ದೊಡ್ಡ ಗುಂಡಿಯಲ್ಲಿ ಒಂದು ಸೇರು ಕಾಳು ಬಿಡುವ ಉಸಿರು ಯಾವ ಕಡ್ಡಿಗೆ ತಾಗೀತು? ಅದಕ್ಕೇ ಆ ಕಡ್ಡಿಯೂ ಒಳಗೆ ಯಾರೂ ಇಲ್ಲ ಎಂದು ಹಾಳಿಯ ಮಾತಿಗೆ ತಲೆಯಾಡಿಸಿತ್ತು.

ಗಡಿಗೆಯ ಬಾಯಿ ಬಿಚ್ಚಿದಾಗ ನವಣೆಯ ವಾಸನೆ ಎದ್ದಿತು. ಕಲ್ಲವ್ವ ಹಾಸಿದ ಬಟ್ಟೆಯ ಮೇಲೆ ಕಾಳು ಸುರಿದು, ಅಚ್ಚೇರು ತುಂಬಿ, ಅಂಗೈಯಿಂದ ಎಳೆದು, ಗಡಿಗೆಗೆ ಹಾಕಿದಳು.

“ಲಾಭ.”

ದೀಪ ಕೆಂಪಾಗಿಯೇ ಇತ್ತು. ಅವಳು ಮತ್ತೆ ತುಂಬಿದಳು. ಬಟ್ಟೆಯ ಮೇಲೆ ಒಂದು ಕಾಳೂ ಉಳಿಯಲಿಲ್ಲ.

“ಎರಡು.”

ದೀಪ ಹಸಿರಾಯಿತು.

ವಿನೋದ ಏನೋ ಹೇಳಲು ಬಾಯಿ ತೆರೆದ. “ಬಾಯಿ ಆಮ್ಯಾಲ ತಗಿ, ಮೊದಲ ಹಗ್ಗ ಹಿಡಿ,” ಎಂದಳು ಕಲ್ಲವ್ವ. “ಇನ್ನಾ ನಲವತ್ತು ಅದಾವು.”

ಆ ಬೆಳಗು ಇಬ್ಬರೂ ದುಡಿದದ್ದು ಕತ್ತೆ ದುಡಿದ ಹಾಗೆ. ಇಪ್ಪತ್ತನೇ ಗಡಿಗೆಯ ಹೊತ್ತಿಗೆ ವಿನೋದನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮೂವತ್ತನೆಯದಕ್ಕೆ ಒಡೆಯಿತು. ಕಲ್ಲವ್ವ ತನ್ನ ತಲೆಯ ಮೇಲಿನ ವಸ್ತ್ರ ಹರಿದು ಕಟ್ಟಿದಳು. ಹರಿದದ್ದಕ್ಕೆ ಅವನನ್ನೇ ಬೈದಳು. ಮಡಕಿ ಕಾಳು, ಹುರುಳಿ, ಕರಿ ಎಳ್ಳು, ಹೆಸರೇ ಮರೆತುಹೋದ ಒಂದು ಜೋಳ, ಗುರೆಳ್ಳು. ಲಾಭ, ಎರಡು. ಲಾಭ, ಎರಡು. ಕಡೆಕಡೆಗೆ ವಿನೋದನೇ ಅವಳಿಗಿಂತ ಮೊದಲು ಲಾಭ ಎನ್ನತೊಡಗಿದ. ನಿನ್ನ ದನಿ ಹಾಳಿಗೆ ಗುರುತಿಲ್ಲ, ಸುಮ್ಮನಿರು ಎಂದಳು. ಆದರೂ ಅವಳಿಗೆ ಅದು ಬೇಡವಾಗಿರಲಿಲ್ಲ. ಹತ್ತು ಗಂಟೆಗೆ ಇನ್ನೂ ಕಾಲು ತಾಸಿರುವಾಗ ಕಡೆಯ ದೀಪ ತಿರುಗಿತು. ಹತ್ತಕ್ಕೆ ನೆಲದೊಳಗಿನ ಬಿಸಿಗಾಳಿಯ ಯಂತ್ರ ಒಮ್ಮೆ ಗುಡುಗಿ, ಕಾಯಿಸಬೇಕಾದದ್ದು ಏನೂ ಇಲ್ಲವೆಂದು ಕಂಡು ಸುಮ್ಮನಾಯಿತು. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರು. ವಿನೋದ ಎರಡೂ ಅಂಗೈಗಳ ನಡುವೆ ಲೋಟ ಹಿಡಿದಿದ್ದ, ಬೆರಳು ಮಡಚಲು ಬರುತ್ತಿರಲಿಲ್ಲ.

“ಅಕ್ಕಾ, ಚರ್ಚಾ ಪುಟದಾಗ ಇಡ್ತೇನಿ,” ಎಂದ. “ಲಾಭ ಅಂದ್ರ ಒಂದು ಅಂತ.”

“ಬರ್ಕತ್ ಅನ್ನೂದನ್ನೂ ಇಡು.”

“ಅದು ಎಲ್ಲಿದು?”

“ನಮ್ಮ ಮಗ್ಗಲ ಮನೀದು.”

ಆ ಏಳು ದಿನ ಚರ್ಚಾ ಪುಟ ಸಂತೆಯಂತೆ ತುಂಬಿತು. ಮೊದಲ ದಿನ ಒಬ್ಬರು, ಎಲ್ಲಿಯವರೋ, ಗಣಿತದೊಳಗೆ ಹರಕೆ ಹಾರೈಕೆ ತುರುಕಬೇಡಿ ಎಂದು ಬರೆದರು. ವಿನೋದ ಅವರಿಗೆ, ನಿಮ್ಮ ಚುಕ್ಕೆಯೂ ಯಾರದೋ ಊರಿನ ರೂಢಿಯೇ ಅಲ್ಲವೇ, ಅದನ್ನು ನನ್ನ ಸೂತ್ರ ಮರ್ಯಾದೆಯಿಂದ ಓದುತ್ತದಲ್ಲ ಎಂದು ಉತ್ತರ ಕೊಟ್ಟ. ಆಮೇಲೆ ಬೇರೆಯವರು ಬಂದರು. ಒಂದು ಬೆಟ್ಟದ ನಾಡಿನವರು, ನಾವು ಮೊದಲ ಬುಟ್ಟಿಗೆ ನದಿಯ ಹೆಸರು ಹೇಳುತ್ತೇವೆ, ನಮ್ಮ ಹನ್ನೆರಡು ಹಗೇವು ಹೋದ ವರ್ಷ ಯಾಕೆ ಸುಟ್ಟವೆಂದು ಈಗ ತಿಳಿಯಿತು ಎಂದರು. ಒಂದು ದ್ವೀಪದವರು ಮೊದಲನೆಯದನ್ನು ಎಣಿಸುವುದೇ ಇಲ್ಲವಂತೆ, ಬರೀ ತಲೆಯಾಡಿಸುತ್ತಾರಂತೆ, ಅದನ್ನು ಹಾಳಿ ಹೇಗೆ ಕೇಳಿಸಿಕೊಳ್ಳಬೇಕೆಂದು ಅವರೇ ಕೇಳಿದರು. ವಿನೋದ ಸಂಜೆ ಸಂಜೆ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಕಲ್ಲವ್ವನಿಗೆ ಓದಿ ಹೇಳಿದ. ಅವಳು ಶೇಂಗಾ ಬಿಡಿಸುತ್ತ ಕೇಳುವಳು. ನಡುವೆ, “ಅವರ ಹೊಲದಾಗ ಏನು ಬೆಳೀತಾರಂತ ಕೇಳು,” ಎನ್ನುವಳು. ಲೋಕದಲ್ಲಿ ತನ್ನಂಥವರು ಇಷ್ಟು ಜನ ಇದ್ದಾರೆಂಬುದು ಅವಳಿಗೆ ಹಬ್ಬದ ಊಟ ಉಂಡಷ್ಟು ಹಿತವಾಗಿತ್ತು. ಏಳನೇ ದಿನದ ಹೊತ್ತಿಗೆ ಮೂರು ಊರು ಬೇಕಾದ ಕಡೆ ಅರವತ್ತೆಂಟು ಊರು ಹೂಂ ಎಂದಿದ್ದವು. ವಿನೋದ ಸಾಲು ಸೇರಿಸಿದ. ಜೊತೆಗೆ, ತಿಳಿಯದ್ದಕ್ಕೆಲ್ಲ ಸೊನ್ನೆ ಎಂಬ ತನ್ನ ಹಳೆಯ ಸಾಲನ್ನು ಕಿತ್ತು ಹಾಕಿದ. ಇನ್ನು ಮುಂದೆ ತಿಳಿಯದಿದ್ದರೆ ಹಾಳಿ ತಿಳಿಯಲಿಲ್ಲ ಎಂದೇ ಬರೆಯುತ್ತದೆ, ದೀಪ ಕೆಂಪಾಗದೆ ಹಳದಿಯಾಗುತ್ತದೆ, ಯಾರಾದರೂ ಬಂದು ಬಗ್ಗಿ ನೋಡುವತನಕ ಗಾಳಿ ಬಿಡುವುದಿಲ್ಲ.

ಆ ಏಳು ದಿನದಲ್ಲೇ ಒಂದು ಬೆಳಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಲ್ಲವ್ವ ಹುಸೇನಬಿಗೆ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಹೇಳದಿದ್ದರೂ ನಡೆಯುತ್ತಿತ್ತು. ಬೀಜ ಉಳಿದಿತ್ತಲ್ಲ. ಆದರೆ ಮುಖ ಮುಚ್ಚಿಕೊಂಡು ಬದುಕುವ ಜಾಯಮಾನ ಅವಳದಲ್ಲ. ಹುಸೇನಬಿ ಪೂರಾ ಕೇಳಿದಳು. ಒಗೆದ ಬಟ್ಟೆ ಹಿಂಡಿದಳು. ಹೌದೇನು ಎಂದಳು, ಅಷ್ಟೇ.

ಎರಡು ದಿನದಲ್ಲಿ ಎಂದಿದ್ದ ಮಳೆ ಎಂಟನೇ ದಿನ ಬಂತು. ಹೊಲ ಹದವಾಯಿತು. ಮಧ್ಯಾಹ್ನ ಬಿಸಿಲು ಬಿದ್ದಾಗ ಹುಸೇನಬಿ ಹಗೇವಿನ ಮನೆಗೆ ಬಂದಳು. ಕಾಲಿಗೆ ಮೊಣಕಾಲತನಕ ಎರೆಮಣ್ಣು ಮೆತ್ತಿತ್ತು.

“ನನ್ನ ನವಣಿ ಕೊಡು, ಕಲ್ಲಕ್ಕಾ.”

“ಬಿತ್ತಾಕ ಬೇಕಂದ್ರ ಹಾಳ್ಯಾಗ ಅರ್ಜಿ ಬರದ್ರ ಮುಂದಿನ ವಾರ...”

“ಅರ್ಜಿ ಬ್ಯಾಡ. ಇಟ್ಟದ್ದನ್ನ ತಿರುಗಿ ಒಯ್ಯಾಕ ಅರ್ಜಿ ಬೇಕಿಲ್ಲಂತ ನೀನ ಹೇಳಿದ್ದಿ ಮೊದಲ ದಿವಸ. ಅರ್ಧ ಒಯ್ತೇನಿ. ಅರ್ಧ ಇರಲಿ.”

ಕಲ್ಲವ್ವನ ಮುಖ ಕೆಂಪಾಯಿತು. “ಈಗೆಲ್ಲಾ ನೆಟ್ಟಗಾಗೇತಿ. ನಿನ್ನ ಬರ್ಕತ್ ಕೂಡ ಹಾಳ್ಯಾಗ ಏರೇತಿ. ಇನ್ನಾ ನಂಬಿಗಿ ಇಲ್ಲಂದ್ರ ಪೂರಾ ಒಯ್ಯಿ. ಅರ್ಧ ಯಾಕ ಬಿಡ್ತಿ?”

“ನಂಬಿಗಿ ಇಲ್ಲಂದ್ರ ಪೂರಾ ಒಯ್ತಿದ್ದೆ,” ಎಂದಳು ಹುಸೇನಬಿ ತಣ್ಣಗೆ. “ಪೂರಾ ನಿನ್ನ ಕೈಯಾಗ ಕೊಟ್ಟದ್ದು ನನ್ನ ತಪ್ಪು. ನನ್ನ ಗ್ವಾಡ್ಯಾಗ ಇಲಿ ಅದಾವು. ನಿನ್ನ ಗುಂಡ್ಯಾಗ ಹಾಳಿ ಐತಿ. ಎರಡೂ ಒಮ್ಮಿಗೇ ತಿನ್ನೂದಿಲ್ಲ.”

ಕಲ್ಲವ್ವ ಎದ್ದು ಅಚ್ಚೇರು ತಂದಳು. ಬೈಗುಳ ಇಲ್ಲದ ಕಡೆ ಅವಳು ಕೆಲಸ ಮಾಡುವಳು. ವಿನೋದ ಗಡಿಗೆ ಎತ್ತಿ ತಂದಿಟ್ಟ. ಹುಸೇನಬಿ ಸೆರಗು ಒಡ್ಡಿದಳು. ಕಲ್ಲವ್ವ ಅಚ್ಚೇರು ತುಂಬಿದಳು, ಯಾವತ್ತೂ ಎಳೆಯುವ ಹಾಗೆ ಅಂಗೈಯಿಂದ ಎಳೆಯಲಿಲ್ಲ, ಗೋಪುರವಿದ್ದ ಹಾಗೇ ಸುರಿದಳು.

“ಬರ್ಕತ್,” ಎಂದಳು.

ಹುಸೇನಬಿ ತಲೆ ಎತ್ತಿ ಅವಳನ್ನು ನೋಡಿದಳು. ಸೆರಗು ಗಂಟು ಹಾಕಿದಳು.

ಉಳಿದ ಕಾಳನ್ನು ಕಲ್ಲವ್ವ ಅಚ್ಚೇರಿಗೆ ತುಂಬಿ ನೋಡಿದಳು. ಗೋಪುರಕ್ಕೆ ಹೋದಷ್ಟು ಕಡಿಮೆ ಬಿದ್ದಿತ್ತು. ತನ್ನ ಕಿಸೆಯಿಂದಲೇ ಹೋದಂತೆ ಸಂಕಟವಾಯಿತು. ಅದನ್ನು ನೋಡಿದ ಹುಸೇನಬಿ ಗಂಟು ಬಿಚ್ಚಿ, ಒಂದು ಹಿಡಿ ಕಾಳು ತೆಗೆದು ಅಚ್ಚೇರಿನ ಮೇಲೆ ಹಾಕಿ, ತಾನೇ ಬೆರಳಿಂದ ಎಳೆದಳು. ಮತ್ತೆ ಗಂಟು ಹಾಕಿದಳು. ಕಲ್ಲವ್ವ ಅದನ್ನು ಗಡಿಗೆಗೆ ಸುರಿದು ಗಟ್ಟಿಯಾಗಿ ಲಾಭ ಎಂದಳು. ಇನ್ನೊಂದು ಅಚ್ಚೇರು ಇರಲಿಲ್ಲ. ಎರಡು ಎನ್ನುವಂತಿರಲಿಲ್ಲ. ಮೊದಲ ಮಾತಿಗೇ ನಿಂತಳು.

ವಿನೋದ ಪರದೆಯ ಹತ್ತಿರ ಬಗ್ಗಿ ನಿಂತಿದ್ದ. ಎರಡು ಸಾಲು ಮೂಡಿದವು. ಹೊರಗೆ ಹೋದದ್ದು, ಬರ್ಕತ್. ಉಳಿದದ್ದು, ಲಾಭ. ಕೆಳಗೆ ಮೊತ್ತ, ಅರ್ಧ ಸೇರು. ದೀಪ ಹಸಿರಾಗಿಯೇ ಇತ್ತು.

“ಅಕ್ಕಾ, ಬಂತು ನೋಡ್ರಿ,” ಎಂದು ಕೂಗಿದ. “ಹುಸೇನಬಿ ಅವರ, ನೀವೂ ಬರ್ರಿ, ನಿಮ್ಮ ಹೆಸರಿನ ಮುಂದನ ಅದ.”

ಹುಸೇನಬಿ ಆಗಲೇ ಬಾಗಿಲು ದಾಟಿದ್ದಳು. ನೋಡಲು ಅವಳಿಗೇನೂ ಇರಲಿಲ್ಲ, ಹೊಲ ಹದ ಆರುವುದರೊಳಗೆ ಕಾಳು ಮಣ್ಣಿಗೆ ಬೀಳಬೇಕಿತ್ತು. ಸೆರಗಿನ ಗಂಟನ್ನು ಎದೆಗೆ ಒತ್ತಿಕೊಂಡು, ಹಗೇವುಗಳ ನಡುವಿನ ಕಾಲುದಾರಿಯಲ್ಲಿ ಉದ್ದ ಹೆಜ್ಜೆ ಹಾಕುತ್ತ, ಬೇಲಿಯ ಸಂದಿನಿಂದ ಹೊರಗೆ ಹೋದಳು. ಆಮೇಲೆ ಸಂಜೆಗಳಲ್ಲಿ ಹಿಟ್ಟಿಗೆ, ಮಾತಿಗೆ, ಬೆಂಕಿಗೆ ಎಂದು ಕಲ್ಲವ್ವನ ಅಡುಗೆಮನೆಗೆ ಮೊದಲಿನಂತೆಯೇ ಬರುತ್ತಿದ್ದಳು. ಹಗೇವಿನ ಮನೆಯ ಬಾಗಿಲಿಗೆ ಮಾತ್ರ ಅವಳು ಮತ್ತೆ ಬರಲಿಲ್ಲ.